ಫೇಲ್‌ಓವರ್ ಬೇಕಾ? ಮೊದಲು ಫೆನ್ಸಿಂಗ್ ಹಾಕಿ

ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳಲಿ (ಇದೇ ಫೇಲ್‌ಓವರ್) ಅಂತ ಎರಡು ಸರ್ವರ್ ಜೋಡಿಸುವವರು ಸಾಮಾನ್ಯವಾಗಿ ವರ್ಚುವಲ್ ಐಪಿಯಿಂದ, ಅಂದರೆ ಕೆಲಸ ಮಾಡುವ ಸರ್ವರ್‌ನ ಜೊತೆ ಓಡಾಡುವ ವಿಳಾಸದಿಂದ, ಶುರು ಮಾಡುತ್ತಾರೆ. ಫೆನ್ಸಿಂಗ್, ಅಂದರೆ ಉತ್ತರ ಕೊಡದ ಸರ್ವರನ್ನು ಬಲವಂತವಾಗಿ ಆಫ್ ಮಾಡಿಸುವುದನ್ನು, ಆಮೇಲೆ ನೋಡೋಣ ಅಂತ ಆಫ್ ಮಾಡಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಒಂದು ರಾತ್ರಿ, ಕ್ಲಸ್ಟರ್ (ಈ ಸರ್ವರ್ ಜೋಡಿ) ಟ್ರಾಫಿಕ್‌ಗೆ ಅಂತ ಇಟ್ಟಿದ್ದ ನೆಟ್‌ವರ್ಕ್ ಸ್ವಿಚ್ ಕೈಕೊಟ್ಟಿತು. ಸರ್ವರ್‌ಗಳೆರಡೂ ಚೆನ್ನಾಗಿಯೇ ಇದ್ದವು. ಆದರೆ ಸರ್ವರ್‌ಗಳನ್ನು ಸಂಪರ್ಕದಲ್ಲಿಡುವ ಕೊರೊಸಿಂಕ್ ಎಂಬ ಸಾಫ್ಟ್‌ವೇರ್‌ನ ಟೋಕನ್ (ನಾನು ಬದುಕಿದ್ದೇನೆ ಅನ್ನುವ ಸಂದೇಶ) ಆಚೆಗೆ ತಲುಪಲಿಲ್ಲ. ಈಗಿನ ಆವೃತ್ತಿಗಳಲ್ಲಿ 3 ಸೆಕೆಂಡ್ ಬರದಿದ್ದರೆ ಟೋಕನ್ ಕಳೆದುಹೋಯಿತು ಅಂತಲೇ ಲೆಕ್ಕ. ಹಾಗಾಗಿ ಪ್ರತಿಯೊಂದೂ ಇನ್ನೊಂದು ಸತ್ತಿದೆ ಅಂದುಕೊಂಡಿತು. ಮೊದಲ ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುತ್ತಲೇ ಇತ್ತು. ಕಾದು ಕೂತಿದ್ದ ನಕಲೂ ಎದ್ದು ಬರೆಯತೊಡಗಿತು. ಎರಡೂ ಕಡೆ ಅದೇ ಐಪಿ. ಕೆಲವು ಆರ್ಡರ್ ಇಲ್ಲಿ, ಕೆಲವು ಅಲ್ಲಿ. ಬೆಳಿಗ್ಗೆ ನೋಡಿದರೆ ಒಂದೇ ಆರ್ಡರ್ ನಂಬರಿಗೆ ಇಬ್ಬರು ಗಿರಾಕಿಗಳು! ಒಂದೊಂದೇ ಸಾಲು ನೋಡಿ ಸರಿಪಡಿಸಲು ಎರಡು ದಿನ ಹಿಡಿಯಿತು.

ಫೆನ್ಸಿಂಗ್ ಇದ್ದರೆ ಹೀಗಾಗುವುದಿಲ್ಲ. ಉತ್ತರ ಕೊಡದ ಸರ್ವರ್‌ನ ಕರೆಂಟನ್ನೇ ಇನ್ನೊಂದು ತೆಗೆಸುತ್ತದೆ. ಅದು ಆಫ್ ಆಗಿದೆ ಅಂತ ಖಾತ್ರಿಯಾದ ಮೇಲೇ ಐಪಿ, ಡೇಟಾಬೇಸ್ ಎತ್ತಿಕೊಳ್ಳುತ್ತದೆ.

ಕ್ಲಸ್ಟರ್ ನಡೆಸುವ ಸಾಫ್ಟ್‌ವೇರ್ ಪೇಸ್‌ಮೇಕರ್‌ನಲ್ಲಿ ಮೊದಲು ಎರಡೂ ಸರ್ವರ್‌ಗೆ ಐಪಿಎಂಐ (ಸರ್ವರನ್ನು ದೂರದಿಂದ ಆನ್-ಆಫ್ ಮಾಡುವ, ಅದರೊಳಗಿನ ವ್ಯವಸ್ಥೆ) ಫೆನ್ಸ್ ಸೇರಿಸಿ. ಆದರೆ ಐಪಿಎಂಐ ಓಡುವುದೂ ಅದೇ ಸರ್ವರ್‌ನ ಕರೆಂಟಿನಲ್ಲಿ ಅಲ್ವಾ? ಪ್ಲಗ್ ಕಿತ್ತು ಬಂದರೆ ಅದೂ ಸಾಯುತ್ತದೆ. ಆಗ ಆಫ್ ಆಗಿದೆ ಅಂತ ಹೇಳಲು ಯಾರೂ ಇಲ್ಲದೆ ಕ್ಲಸ್ಟರ್ ಕಾಯುತ್ತಾ ನಿಂತುಬಿಡುತ್ತದೆ. ಅದಕ್ಕೇ ಎರಡನೇ ಹಂತಕ್ಕೆ ರ‍್ಯಾಕ್‌ನ ಪಿಡಿಯು (ನೆಟ್‌ವರ್ಕ್ ಮೂಲಕ ಸಾಕೆಟ್ ಆಫ್ ಮಾಡಬಹುದಾದ ಪವರ್ ಪಟ್ಟಿ) ಹಾಕಿ. ಎರಡು ಪವರ್ ಸಪ್ಲೈ ಇದ್ದರೆ ಎರಡೂ ಸಾಕೆಟ್ ಆಫ್ ಆಗಬೇಕು, ಮರೆಯಬೇಡಿ.

ಲಿಂಕ್ ಮಾತ್ರ ಹೋದಾಗ ಎರಡೂ ಒಟ್ಟಿಗೇ ಒಂದನ್ನೊಂದು ಆಫ್ ಮಾಡಿಬಿಡಬಹುದು. ಯಾವುದು ಉಳಿಯಬೇಕೋ ಅದನ್ನು ಆಫ್ ಮಾಡುವ ಫೆನ್ಸ್‌ಗೆ 10 ಸೆಕೆಂಡ್ ತಡ ಕೊಡಿ. ಇದನ್ನು ಉಲ್ಟಾ ಹಾಕುವವರೇ ಜಾಸ್ತಿ. ಬೇರೆ ಜಾಗದಲ್ಲೊಂದು ಚಿಕ್ಕ ಮೆಷಿನ್ ಇಟ್ಟು ಯಾವುದು ಉಳಿಯಬೇಕು ಅನ್ನುವುದಕ್ಕೆ ಮೂರನೇ ಓಟು ಕೊಡಿಸಿದರೆ ಇನ್ನೂ ಒಳ್ಳೆಯದು.

ಇದಾದ ಮೇಲೆ ಡೇಟಾಬೇಸ್, ಐಪಿ. ಸ್ಟಿಕಿನೆಸ್ (ಕೆಲಸ ಇರುವ ಸರ್ವರ್‌ನಲ್ಲೇ ಉಳಿಯಲಿ ಅನ್ನುವ ಅಂಕ) 100 ಇಡಿ. ಇಲ್ಲದಿದ್ದರೆ ಹಳೆ ಸರ್ವರ್ ಎದ್ದ ಕೂಡಲೇ ಕೆಲಸ ಸುಮ್ನೆ ವಾಪಸ್ ಓಡಬಹುದು.

ಸರ್ವಿಸ್ ಸ್ಟಾಪ್ ಮಾಡಿ ನೋಡುವುದು ಪರೀಕ್ಷೆಯಲ್ಲ. ಅಲ್ಲಿ ಎಲ್ಲವೂ ಮರ್ಯಾದೆಯಾಗಿ ನಿಲ್ಲುತ್ತದೆ. ಕ್ಲಸ್ಟರ್ ಕೇಬಲ್ ಕೀಳಿ. ಇನ್ನೊಮ್ಮೆ ಕರೆಂಟ್ ಪ್ಲಗ್ ಕೀಳಿ. ಪ್ರತಿ ಸಲ ಉಳಿದ ಸರ್ವರ್‌ನ ಲಾಗ್ ಓದಿ. ಫೆನ್ಸಿಂಗ್ ಮುಗಿದ ಸಾಲು ಮೇಲೆ, ಡೇಟಾಬೇಸ್ ಎದ್ದ ಸಾಲು ಅದರ ಕೆಳಗೆ ಇರಬೇಕು. ಹಿಂದುಮುಂದಾಗಿದ್ದರೆ ಆ ಕ್ಲಸ್ಟರ್ ಮೇಲೆ ಒಂದು ಆರ್ಡರನ್ನೂ ತೆಗೆದುಕೊಳ್ಳಬೇಡಿ.