ಹೊಳವಾದ ದಿನದ ಅರ್ಬಿ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವರ್ಗ ಎಂಬ ಊರಿನ ಕಡೆಗೆ ಹೋಗುವಾಗ ಪಕ್ಕಕ್ಕೆ ಇಳಿಯುವ ಕಾಂಕ್ರೀಟು ದಾರಿಗಳ ಕೊನೆಗೆ ಒಂದೆರಡು ಆಳೆತ್ತರದ ಅರ್ಬಿಗಳಿವೆ, ಅಂದರೆ ಸಣ್ಣ ಜಲಪಾತಗಳು. ಅಲ್ಲಿಗೆ ಹೋಗಲು ದಿನ ಆರಿಸುವುದೇ ಅರ್ಧ ಕೆಲಸ. ಗುಡ್ಡದ ನೆತ್ತಿಯೆಲ್ಲ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು, ಅಂದರೆ ಬಯಲು. ಜೋರು ಮಳೆಗೆ ನೀರು ಇಂಗುವ ಮೊದಲೇ ಜಾರಿ ತೋಡು (ಹಳ್ಳ) ಸೇರುತ್ತದೆ, ಮಳೆ ನಿಂತರೆ ಅಷ್ಟೇ ಬೇಗ ಇಳಿಯುತ್ತದೆ. ಜುಲೈಯಲ್ಲಿ ಕಾಣುವುದು ಕೆಂಪು ಕೆಸರು ನೀರು. ನಾನು ಹೋಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ರಾತ್ರಿ ಮಳೆ ಬಂದು ಬೆಳಿಗ್ಗೆ ಮಳೆ ಬಿಟ್ಟು ಹೊಳವಾದ ದಿನ. ಮಳೆಗಾಲ ಮುಗಿದು ಮೇಲೆ ಎಲ್ಲಾದರೂ ತೋಡಿಗೆ ಕಟ್ಟ (ನೀರು ತಡೆಯುವ ಒಡ್ಡು) ಹಾಕಿದರೆಂದರೆ ಕೆಳಗೆ ಬರೀ ಬಂಡೆ.

ಪೆಟ್ರೋಲು ಬದಿಯಡ್ಕದಲ್ಲೇ ತುಂಬಿಸಿಕೊಳ್ಳುತ್ತೇನೆ. ಮೊಬೈಲಿನ ಮ್ಯಾಪು ನಂಬಿದರೆ ಯಾರದೋ ಅಡಿಕೆ ಅಂಗಳಕ್ಕೆ ಮುಟ್ಟುವುದು ಗ್ಯಾರಂಟಿ. ಕಡಿದಾದ ಇಳಿಜಾರಿನಲ್ಲಿ ಬೈಕು ಒಂದನೇ ಗೇರಿನಲ್ಲೇ ಇರಬೇಕು. ಕಾಂಕ್ರೀಟಿನ ಅಂಚಿಗೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಮುಂದಿನ ಬ್ರೇಕು ಹಿಡಿದರೆ ಚಕ್ರ ಜಾರಿತೆಂದೇ ಲೆಕ್ಕ. ದಾರಿ ಮುಗಿಯುವಲ್ಲಿ ಬೈಕನ್ನು ಮೇಲ್ಮುಖವಾಗಿ ತಿರುಗಿಸಿ, ಗೇರಿನಲ್ಲೇ ನಿಲ್ಲಿಸುತ್ತೇನೆ.

ಮುಂದಿನದು ತೋಟದ ಕಾಲುದಾರಿ. ಮನೆಯವರನ್ನು ಕೇಳಿಯೇ ಇಳಿಯಬೇಕು. "ಅಣ್ಣಾ, ಅರ್ಬಿಗೆ ಈಚೆಯಿಂದ ಹೋಗಬಹುದಾ?" ಎಂದರೆ ಸಾಕು, ಯಾವ ಸಂಕ (ಕಾಲುಸೇತುವೆ) ಕುಂಬಾಗಿ ಕೊಳೆತಿದೆ ಎಂಬುದೂ ಗೊತ್ತಾಗುತ್ತದೆ. ಅಡಿಕೆ ಮರದ ಸಂಕ ಮೇಲಿಂದ ಗಟ್ಟಿ ಕಂಡರೂ ಒಳಗೆ ಲಡ್ಡಾಗಿರುತ್ತದೆ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು, ಪಾದ ಅಡ್ಡ ಇಟ್ಟು.

ಬಂಡೆಯ ಮೇಲೆ ಹೊಸ ಶೂಗಿಂತ ತೆಂಗಿನ ನಾರಿನ ಹಗ್ಗ ಮೇಲು. ಅಂಗಾಲಿನ ಉಬ್ಬಿಗೆ ಸರಿಯಾಗಿ ಶೂ ಸುತ್ತ ಮೂರು ಸುತ್ತು ಹಾಕಿ, ಗಂಟನ್ನು ಮೇಲ್ಬದಿಗೆ ಬಿಗಿಯುತ್ತೇನೆ. ನಾರು ಪಾಚಿಯನ್ನು ಕಚ್ಚಿ ಹಿಡಿಯುತ್ತದೆ. ಆದರೂ ಕಪ್ಪಗೆ ಹೊಳೆಯುವ ಬಂಡೆಗೆ ಕಾಲಿಡುವುದಿಲ್ಲ. ಅರ್ಬಿಯ ನೆತ್ತಿಗೆ ಹತ್ತುವ ಮಾತೇ ಇಲ್ಲ.

ತಲೆಯ ಮೇಲೆ ಬಿಸಿಲಿದ್ದರೂ ಪದವಿನಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿನೀರು ಕೆಂಪಾಯಿತೋ, ತರಗೆಲೆ ಕಡ್ಡಿ ತೇಲಿ ಬಂತೋ, ಸದ್ದು ದಪ್ಪವಾಯಿತೋ, ಬಟ್ಟೆ, ಚೀಲ ಹುಡುಕುತ್ತ ನಿಲ್ಲಬಾರದು, ತಾನು ಬಂದ ದಡಕ್ಕೇ ಏರಬೇಕು. ಆಚೆ ದಡ ಹತ್ತಿದರೆ ನೀರು ಇಳಿಯುವವರೆಗೆ ಅಲ್ಲೇ.

ನೀರು ಎಷ್ಟೇ ತಿಳಿಯಾಗಿರಲಿ, ಕುಡಿಯುವುದಿಲ್ಲ. ಮಳೆಗಾಲದಲ್ಲಿ ಮೇಲಿನ ತೋಟಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟಿರುತ್ತಾರೆ: 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತೊಳೆದುಹೋದದ್ದು ಬರುವುದು ಇದೇ ತೋಡಿಗೆ.

ಇಂಬಳ (ಜಿಗಣೆ) ಕಚ್ಚಿದರೆ ಎಳೆಯದೆ ಉಪ್ಪು ಮುಟ್ಟಿಸಿದರೆ ತಾನಾಗಿ ಉದುರುತ್ತದೆ. ಉಪ್ಪಿನ ಪೊಟ್ಟಣ ಮಾತ್ರ ಒದ್ದೆಯಾಗದ ಕಿಸೆಯಲ್ಲಿರಲಿ.