ಒಂದೇ ಹಾಳೆ ಬಿಸಿನೆಸ್ ಪ್ಲಾನ್, ಅದೂ ಪೆನ್ನಲ್ಲಿ ಬರೆದಿದ್ದು: ನನ್ನ ಅನುಭವ

ಈ ಹಾಳೆ ನೋಡಿ ಮೊದ್ಲು ನಕ್ಕಿದ್ದು ನಮ್ಮ ಅಕೌಂಟೆಂಟು, ಆಮೇಲೆ ನಮ್ ಭಾವ. "ಇದೇನಪ್ಪಾ, ಸಾಮಾನು ಚೀಟಿ ಥರ ಇದೆ" ಅಂದ್ರು ಭಾವ. ಈಗ ಅದೇ ಚೀಟಿ ಮೇಲೆ ಆರು ವರ್ಷಕ್ಕಿಂತ ಜಾಸ್ತಿ ಬಿಸಿನೆಸ್ ನಡೆದಿದೆ, ಸಾಲ ತೀರಿದೆ, ಅದಕ್ಕೇ ಬರೀತಿದೀನಿ. ನಂದು ಆಫೀಸುಗಳ ಕಂಪ್ಯೂಟರು, ಪ್ರಿಂಟರು ಸರ್ವಿಸ್ ಕೆಲಸ, ವರ್ಷದ ಕಾಂಟ್ರಾಕ್ಟ್ ಮೇಲೆ. ದುಡ್ಡಿನ ಲೆಕ್ಕ ಎಲ್ಲಾ ನೂರಕ್ಕೆ ಇಷ್ಟು ಅಂತ ಹೇಳ್ತೀನಿ, ಅಸಲಿ ಮೊತ್ತ ನನ್ ಹತ್ರಾನೇ ಇರ್ಲಿ. ನೆನಪಿಂದ ಹೇಳ್ತಿರೋದು, ಒಂದೆರಡು ಆಚೀಚೆ ಆಗ್ಬಹುದು.

ಮೊದಲನೇ ಪ್ಲಾನ್ ಮಾಡಿದ್ದು 2015ರಲ್ಲಿ, ಲೋನ್‌ಗೋಸ್ಕರ. ನಲವತ್ತು ಪೇಜು, ಐದು ವರ್ಷದ ಪ್ರೊಜೆಕ್ಷನ್ನು, ಬಣ್ಣಬಣ್ಣದ ಗ್ರಾಫು. ಲೋನ್ ಸಿಕ್ತು, ಫೈಲು ಡ್ರಾಯರ್‌ಗೆ ಹೋಯ್ತು, ಮತ್ತೆ ಅದನ್ನ ತೆಗೆದಿದ್ದು ಡ್ರಾಯರ್ ಕ್ಲೀನ್ ಮಾಡುವಾಗ. ಎರಡನೇದು ಒಂಬತ್ತು ಬಾಕ್ಸಿನ ಕ್ಯಾನ್ವಾಸ್, ಇಡೀ ಬಿಸಿನೆಸ್ಸನ್ನ ಒಂದೇ ಚಾರ್ಟಲ್ಲಿ ತೋರಿಸೋದು, ಎಲ್ರೂ ಮಾಡ್ತಾರಲ್ಲ ಅದೇ, ಗೋಡೆಗೆ ಅಂಟಿಸಿ ಬಣ್ಣದ ಚೀಟಿ ಹಚ್ಚಿದೆ, ಎರಡು ವಾರ ಭಾರೀ ಉತ್ಸಾಹ, ಆಮೇಲೆ ಗಮ್ ಒಣಗಿ ಚೀಟಿಗಳು ಒಂದೊಂದಾಗಿ ಬೀರು ಹಿಂದೆ ಬಿದ್ವು, ನಾನು ಎತ್ತಲೂ ಇಲ್ಲ. ಮೂರನೇದು ಒಂದು ಆಪ್. ಎಂಟು ತಿಂಗಳು ಸಬ್‌ಸ್ಕ್ರಿಪ್ಷನ್ ಕಟ್ಟಿದೀನಿ, ಓಪನ್ ಮಾಡಿದ್ದು ನಾಲ್ಕೋ ಐದೋ ಸಲ. ಎಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಇಷ್ಟೆಲ್ಲಾ ಆದ್ರೂ ಪುಸ್ತಕದಲ್ಲಿ ಲಾಭ ತೋರಿಸ್ತಿತ್ತು, ಕೈಲಿ ಮಾತ್ರ ಕಾಸಿಲ್ಲ. 2018ರಲ್ಲಿ ಒಂದಿನ ರಾತ್ರಿ ಕೂತು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಬಾಡಿಗೆ, ಇಬ್ಬರು ಹುಡುಗರ ಸಂಬಳ, ಫೋನು, ಕರೆಂಟು, ಜೊತೆಗೆ ನನ್ನ ಸಂಬಳ ಸೇರಿ ತಿಂಗಳಿಗೆ 100 ಅಂತ ಇಟ್ಕೊಳ್ಳಿ. ಬಿಲ್ ಮಾಡೋ ಪ್ರತಿ 100ರಲ್ಲಿ ಪಾರ್ಟ್ಸು, ಓಡಾಟಕ್ಕೆ 60 ಹೋಗ್ತಿತ್ತು, ಉಳಿಯೋದು 40. ಅಂದ್ರೆ ತಿಂಗಳಿಗೆ 250 ಬಿಲ್ ಆದ್ರೆ ಸರಿಸಮ. ನಾನು ಮಾಡ್ತಿದ್ದಿದ್ದು 190. 190ಕ್ಕೆ ಉಳಿಯೋದು 76, ಖರ್ಚು 100, ತಿಂಗಳಾ ತಿಂಗಳಾ 24 ತೂತು. ಮತ್ತೆ ಪುಸ್ತಕದಲ್ಲಿ ಲಾಭ ಹೇಗೆ? ನನ್ನ ಸಂಬಳ 35 ಅದನ್ನ ಹಿಡಿದೇ ಇರ್ಲಿಲ್ಲ! ಮೂರು ವರ್ಷ ಪುಕ್ಕಟೆ ದುಡಿದು ಅದನ್ನೇ ಲಾಭ ಅಂತ ಖುಷಿಪಟ್ಟಿದ್ದೆ. ಅವತ್ತು ನಿದ್ದೆ ಬರ್ಲಿಲ್ಲ.

ಬೆಳಿಗ್ಗೆ ಒಂದು ಹಾಳೆ ತಗೊಂಡು ಐದು ವಿಷಯ ಬರೆದೆ: ಯಾರಿಗೆ ಕೆಲಸ ಮಾಡ್ತೀವಿ (10ರಿಂದ 50 ಮಷೀನ್ ಇರೋ ಆಫೀಸು ಮಾತ್ರ), ಏನು ಮಾರ್ತೀವಿ, ತಿಂಗಳಿಗೆ ಎಷ್ಟು ಬಿಲ್ ಆಗ್ಲೇಬೇಕು, ಕೈಲಿರೋ ಕಾಸು ಎಷ್ಟು ವಾರ ಬರತ್ತೆ, ಕೊನೇದು ಏನೇನು ಮಾಡಲ್ಲ. ಈ ಕೊನೇದೇ ಅರ್ಧ ಹಾಳೆ ತುಂಬಿತು.

ಆದ್ರೆ ಮೂರೇ ತಿಂಗಳಲ್ಲಿ ನಾನೇ ಅದನ್ನ ಮುರಿದೆ. ಹಳೇ ಗಿರಾಕಿ ಒಬ್ರು 40 ಹೊಸ ಕಂಪ್ಯೂಟರ್ ಬೇಕು ಅಂದ್ರು. ಹೊಸ ಮಷೀನ್ ಮಾರೋದು ಪ್ಲಾನಲ್ಲಿ ಇರ್ಲಿಲ್ಲ, ಆದ್ರೂ ಅಷ್ಟು ದೊಡ್ಡ ಆರ್ಡರ್ ಯಾರು ಬಿಡ್ತಾರೆ. ಮಾರ್ಜಿನ್ 5%. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್, ಬೇಕಾದಾಗ ಸಾಲ ಎತ್ತೋ ಖಾತೆ) ಅಕೌಂಟಿಂದ ದುಡ್ಡು ಎತ್ತಿ ಮಾಲು ಕೊಟ್ಟೆ, ಅವ್ರು ದುಡ್ಡು ಕೊಟ್ಟಿದ್ದು ನಾಲ್ಕು ತಿಂಗಳಿಗೆ. ಬಡ್ಡಿ ವರ್ಷಕ್ಕೆ 14%ರ ಆಸುಪಾಸು, ನಾಲ್ಕು ತಿಂಗಳಿಗೆ ಹತ್ತಿರ ಹತ್ತಿರ 4.5% ಅದಕ್ಕೇ ಹೋಯ್ತು, ಉಳಿದ ಅರ್ಧ ಪರ್ಸೆಂಟು ಮಷೀನ್ ಸಾಗಿಸೋ ಗಾಡಿಗೂ ಸಾಲ್ಲಿಲ್ಲ. ಆ ನಾಲ್ಕು ತಿಂಗಳು ಓಡಿ ತುಂಬಿದ್ರಿಂದ ಪಾರ್ಟ್ಸ್ ಕೊಡೋವ್ನಿಗೆ ದುಡ್ಡಿಲ್ಲ, ಅವ್ನು ಉದ್ರಿ ನಿಲ್ಲಿಸಿದ, ಎರಡು ಕಾಂಟ್ರಾಕ್ಟ್ ಕೈ ತಪ್ಪಿತು. ಆಮೇಲೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ, ಹೊಸ ಮಷೀನ್ ಬೇಕಾದ್ರೆ ಗಿರಾಕಿ ನೇರವಾಗಿ ತಗೊಳ್ಲಿ, ನಾವು ಬರೀ ಕೂರಿಸಿ ಕೊಡೋದು. ಮುಂದಿನ ವರ್ಷ ಇದರ ಎರಡರಷ್ಟು ಆರ್ಡರ್ ಬಂತು, ಬೇಡ ಅಂದೆ. ಭಾವ ಒಂದು ವಾರ ನನ್ ಜೊತೆ ಸರಿಯಾಗಿ ಮಾತಾಡ್ಲಿಲ್ಲ.

ಪ್ಲಾನಿಗೆ ಅಂಟ್ಕೊಂಡಿರೋದು ಹೇಗೆ ಅಂತ ಎಲ್ರೂ ಕೇಳ್ತಾರೆ. ಸೋಮವಾರ ಬೆಳಿಗ್ಗೆ 20 ನಿಮಿಷ, ಹಾಳೆ ಹಿಂದುಗಡೆ ಮೂರು ನಂಬರ್: ಹೋದ ವಾರದ ಬಿಲ್ಲು, 30 ದಿನ ದಾಟಿದ ಬಾಕಿ, ಕಾಸು ಇನ್ನೆಷ್ಟು ವಾರ. 13 ವಾರಕ್ಕೆ 13 ಗೆರೆ, ಅಲ್ಲಿಗೆ ಒಂದು ಕ್ವಾರ್ಟರ್, ಹೊಸ ಹಾಳೆ. ನಾನೊಬ್ನೇ ಮಾಡುವಾಗ ಐದನೇ ವಾರಕ್ಕೆ ನಿಂತುಹೋಯ್ತು. ಆಮೇಲೆ ಹುಡುಗರ ಮುಂದೆ ಗಟ್ಟಿಯಾಗಿ ಓದೋಕೆ ಶುರು ಮಾಡಿದೆ. ಮೊದ್ಲು ಅವ್ರಿಗೂ ತಮಾಷೆ. ಒಂದ್ಸಲ ನಾನು ಬೇಕಂತ್ಲೇ ಮರೆತ ಹಾಗೆ ಮಾಡಿದಾಗ ದೊಡ್ಡೋನು, "ಸಾರ್, ಸೋಮವಾರ ಆಯ್ತಲ್ಲ, ನಂಬರ್ ಎಲ್ಲಿ?" ಅಂದ. ಅಲ್ಲಿಂದ ತಪ್ಪಿಸಿಲ್ಲ, ಮರ್ಯಾದೆ ಪ್ರಶ್ನೆ.

ಮಧ್ಯದಲ್ಲಿ ಬರೋ ಹೊಸ ಐಡಿಯಾಗಳನ್ನ ನೋಟ್‌ಬುಕ್ಕಿನ ಕೊನೇ ಪೇಜಿಗೆ ಹಾಕ್ತೀನಿ, ಕ್ವಾರ್ಟರ್ ಮುಗಿಯೋ ತನಕ ಪ್ಲಾನಿಗೆ ಸೇರಿಸಲ್ಲ. ಒಂದ್ಸಲ ಎಣಿಸಿದೆ, 23 ಐಡಿಯಾ ಇದ್ವು, ಮೂರು ತಿಂಗಳಾದ್ಮೇಲೆ ಓದಿದ್ರೆ ಎರಡು ಮಾತ್ರ ಐಡಿಯಾ ಥರ ಕಾಣ್ತು, ಒಂದಂತೂ ಏನಂತ ನಂಗೇ ಅರ್ಥ ಆಗ್ಲಿಲ್ಲ.

ಆ ಎರಡರಲ್ಲಿ ಒಂದು ರೇಟ್ ಏರಿಸೋದು. 100ರ ಬಿಲ್ಲಿಗೆ 40 ಉಳಿಯೋ ಕಡೆ 10% ಡಿಸ್ಕೌಂಟ್ ಕೊಟ್ರೆ ಉಳಿಯೋದು 30, ಅಷ್ಟೇ ದುಡ್ಡು ನೋಡೋಕೆ ಮೂರನೇ ಒಂದು ಭಾಗ ಜಾಸ್ತಿ ಕೆಲಸ ಮಾಡ್ಬೇಕು. ಅದೇ 10% ಏರಿಸಿದ್ರೆ 50, ಐದರಲ್ಲಿ ಒಬ್ಬ ಗಿರಾಕಿ ಹೋದ್ರೂ ನಷ್ಟ ಇಲ್ಲ. ಏರಿಸಿದೆ. ಅರವತ್ತರಲ್ಲಿ ಏಳು ಜನ ಹೋದ್ರು, ಅದ್ರಲ್ಲಿ ಐದು ಜನ ಯಾವಾಗ್ಲೂ ಬಾಕಿ ಇಟ್ಟೋರೇ. ಇನ್ನೊಂದು, ಹೊಸ ಕಾಂಟ್ರಾಕ್ಟ್ ತಂದ್ರೆ ಹುಡುಗರಿಗೆ ಕಮಿಷನ್. ಅದು ಮೊದ್ಲು ಕೆಟ್ಟೋಯ್ತು, ದುಡ್ಡು ಕೊಡದೇ ಇರೋರನ್ನೆಲ್ಲಾ ಹುಡುಕಿ ಹುಡುಕಿ ತಂದ್ರು. ಬಿಲ್ ಆದಾಗ ಅಲ್ಲ, ದುಡ್ಡು ಅಕೌಂಟಿಗೆ ಬಿದ್ದಾಗ ಕಮಿಷನ್ ಅಂತ ಬದಲಾಯಿಸಿದೆ, ಸರಿ ಹೋಯ್ತು. ವಸೂಲಿಗೆ ಯಾರಿಗೆ, ಯಾವಾಗ ಫೋನ್ ಮಾಡೋದು ಅನ್ನೋದು ಬೇರೆ ಕಥೆ, ಅದನ್ನ ಇಲ್ಲಿ ಬಿಚ್ಚಲ್ಲ, 30 ದಿನ ದಾಟಿದ ಬಾಕಿ ಅರ್ಧಕ್ಕರ್ಧ ಇಳಿದಿದ್ದು ಅದರಿಂದ್ಲೇ.

2020ರಲ್ಲಿ ಕೋವಿಡ್ ಬಂದು ಆಫೀಸುಗಳೆಲ್ಲಾ ಮುಚ್ಚಿದಾಗ ಕೈಲಿ 11 ವಾರದ ಕಾಸಿತ್ತು. ಇದೇ ಬಿಸಿನೆಸ್ ಮಾಡೋ ಬೇರೆಯವ್ರು ಮೊದಲ ತಿಂಗಳೇ ತಲೆ ಮೇಲೆ ಕೈ ಹೊತ್ತು ಕೂತಿದ್ರು, ನಾನು ಸಂಬಳ ಕೊಟ್ಟೆ, ಇದನ್ನ ಸ್ವಲ್ಪ ಜಂಬದಿಂದ್ಲೇ ಹೇಳ್ಕೋತೀನಿ. ಹಾಳೆಯಲ್ಲಿ ಒಂದು ಸಾಲಿತ್ತು, ಕಾಸು 6 ವಾರಕ್ಕಿಂತ ಕಮ್ಮಿ ಆದ್ರೆ ಕ್ವಾರ್ಟರ್ ಮುಗಿಯೋ ತನಕ ಕಾಯಬೇಡ ಅಂತ. ಆರಕ್ಕಿಂತ ಕೆಳಗೆ ಬಂತು, ಅವತ್ತೇ "ಮನೆ ಲ್ಯಾಪ್‌ಟಾಪ್ ಮುಟ್ಟಲ್ಲ" ಅನ್ನೋ ಸಾಲು ಹೊಡೆದು ಹಾಕಿದೆ. ನಮ್ಮ ಆಫೀಸುಗಳ ಸ್ಟಾಫ್ ಮನೆಯಲ್ಲಿ ಕೂತು ಕೆಲಸ ಮಾಡ್ತಿದ್ರಲ್ಲ, ಅವ್ರ ಲ್ಯಾಪ್‌ಟಾಪ್ ಮಾತ್ರ, ಬಿಲ್ಲು ಆಫೀಸಿಗೆ. ಆ ಸಾಲು ಈಗ್ಲೂ ವಾಪಸ್ ಬಂದಿಲ್ಲ.

ಅಕೌಂಟೆಂಟು ಹೋದ ತಿಂಗಳು ಖಾಲಿ ಹಾಳೆ ಒಂದು ಕೊಡಿ, ಬೇರೆಯವ್ರಿಗೂ ತೋರಿಸ್ತೀನಿ ಅಂದ್ರು. ಹಾಳೆ ಮುಂದುಗಡೆ ಕೊಟ್ಟೆ, ನಂಬರ್ ಬರೆಯೋ ಹಿಂದುಗಡೆ ಕೊಡ್ಲಿಲ್ಲ. ಈಗಿನ ತಲೆನೋವು ಬೇರೆ. ಒಬ್ಬನೇ ಗಿರಾಕಿ ಒಟ್ಟು ಬಿಲ್ಲಿನ 25% ದಾಟಬಾರ್ದು ಅಂತ ನಾನೇ ಬರೆದಿದೀನಿ, ಒಬ್ರು 28ಕ್ಕೆ ಬಂದು ಕೂತಿದಾರೆ, ಒಳ್ಳೇ ಜನ, ಟೈಮಿಗೆ ದುಡ್ಡು ಕೊಡ್ತಾರೆ. ಸೋಮವಾರ ದೊಡ್ಡೋನು ಕೇಳ್ತಾನೆ, ಉತ್ತರ ಇನ್ನೂ ರೆಡಿ ಇಲ್ಲ.