ಕೀಮೋ ರೋಗಿಗೆ ಕೊರೊನಾ ಬಂದರೆ ನಾನು ಏನು ನೋಡುತ್ತಿದ್ದೆ

ಕೊರೊನಾ ಶುರುವಾದ ಹೊಸದರಲ್ಲಿ ಚೀನಾದಿಂದ ಒಂದು ವರದಿ ಬಂತು. 1590 ಸೋಂಕಿತರಲ್ಲಿ ಕ್ಯಾನ್ಸರ್ ಇದ್ದವರು ಬರೀ 18 ಜನ. ಅವರಲ್ಲಿ ಕಾಯಿಲೆ ಜೋರಾದವರು ನೂರಕ್ಕೆ 39, ಉಳಿದವರಲ್ಲಿ 8. ಆ 18 ಜನರಲ್ಲಿ ಚಿಕಿತ್ಸೆ ಮುಗಿಸಿ ಆರಾಮಾಗಿ ಓಡಾಡಿಕೊಂಡಿದ್ದವರೂ ಇದ್ದರು. ಆದರೂ ಸುದ್ದಿ ಊರೂರು ಮುಟ್ಟಿತು. ನಾನು ಬೆಂಗಳೂರಿನಲ್ಲಿ ಕೀಮೋ ಕೊಡುವ ಡಾಕ್ಟರು. ಫೋನೆತ್ತಿದರೆ ಸಾಕು, "ಡಾಕ್ಟ್ರೇ, ಕೀಮೋ ತಗೊಂಡ್ರೆ ಕೊರೊನಾ ಜಾಸ್ತಿ ಆಗುತ್ತಂತೆ, ಬಿಟ್ಟುಬಿಡ್ಲಾ?" ಅಂತಲೇ ಶುರು.

ಬಿಡಿ ಅನ್ನೋದು ಸುಲಭ. ಲಾಕ್‌ಡೌನ್ ಮುಗಿಯಲಿ ಅಂತ ಗಡ್ಡೆ ಕಾಯುತ್ತಾ? ಅದಕ್ಕೇ ರೋಗಿಗಳನ್ನು ವಿಂಗಡಿಸಿಕೊಂಡೆ. ವಯಸ್ಸಾದವರು, ಶುಗರ್, ಬಿಪಿ, ಹಾರ್ಟ್ ತೊಂದರೆ ಇದ್ದವರು ಒಂದು ಕಡೆ. ಲುಕೇಮಿಯಾ, ಲಿಂಫೋಮಾ, ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್‌ನವರು ಇನ್ನೊಂದು ಕಡೆ, ನನಗೆ ನಿಜವಾದ ಭಯ ಇದ್ದದ್ದು ಇವರದ್ದೇ. ಶ್ವಾಸಕೋಶದ ಕ್ಯಾನ್ಸರ್‌ನವರನ್ನೂ ಅದೇ ಸಾಲಿಗೆ ಸೇರಿಸಿದೆ. ಉಳಿದವರಿಗೆ ಕೀಮೋ ನಿಲ್ಲಿಸಲಿಲ್ಲ. ಮಾತ್ರೆಯಲ್ಲೇ ಆಗುವವರಿಗೆ ಡ್ರಿಪ್ ಬದಲು ಮಾತ್ರೆ, ಕೌಂಟ್ಸ್, ಅಂದರೆ ಬಿಳಿ ರಕ್ತಕಣಗಳ ಸಂಖ್ಯೆ, ತೀರಾ ಬೀಳದ ಹಾಗೆ ಅವನ್ನು ಹೆಚ್ಚಿಸುವ ಜಿಸಿಎಸ್‌ಎಫ್ ಇಂಜೆಕ್ಷನ್, ಅಷ್ಟೇ ಬದಲಾವಣೆ. ಆಮೇಲೆ ಬ್ರಿಟನ್ನಿನಲ್ಲಿ 800 ರೋಗಿಗಳನ್ನು ನೋಡಿದಾಗಲೂ, ಹಿಂದಿನ ನಾಲ್ಕು ವಾರದಲ್ಲಿ ಕೀಮೋ ತಗೊಂಡಿದ್ದರಿಂದ ಸಾವು ಹೆಚ್ಚಾದ ಹಾಗೆ ಕಾಣಲಿಲ್ಲ. ವಯಸ್ಸು ಮತ್ತು ಬೇರೆ ಕಾಯಿಲೆಗಳದ್ದೇ ದೊಡ್ಡ ಪಾತ್ರ.

ಕಷ್ಟ ಆಗುತ್ತಿದ್ದದ್ದು ಸೋಂಕು ಬಂದವರಲ್ಲಿ ಯಾರಿಗೆ ಜೋರಾಗುತ್ತೆ ಅಂತ ಹೇಳೋದು. ಬೇರೆಯವರಿಗಾದರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಇಳಿದಿದೆಯಾ, ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆಯ ಸುಳಿವು ಕೊಡುವ ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್ ಏರಿದೆಯಾ ಅಂತ ರಕ್ತ ಪರೀಕ್ಷೆಯಲ್ಲಿ ನೋಡುತ್ತಾರೆ. ನಮ್ಮವರಲ್ಲಿ ಲಿಂಫೋಸೈಟ್ ಮೊದಲೇ ಕಮ್ಮಿ, ಉಳಿದ ಮೂರೂ ಕ್ಯಾನ್ಸರ್‌ನಿಂದಲೇ ಏರಿರಬಹುದು. ಎದೆಗೆ ರೇಡಿಯೇಷನ್ ಆದವರ ಸಿಟಿ ಸ್ಕ್ಯಾನ್‌ನಲ್ಲಂತೂ ಹಳೇ ಮಬ್ಬು ಯಾವುದು, ಹೊಸದು ಯಾವುದು ಗೊತ್ತಾಗಲ್ಲ. ಹಾಗಾಗಿ ಹಳೇ ರಿಪೋರ್ಟ್ ಪಕ್ಕಕ್ಕಿಟ್ಟುಕೊಳ್ಳದೆ ಹೊಸದನ್ನು ಓದುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬೆರಳಿಗೆ ಹಾಕುವ ಆಕ್ಸಿಮೀಟರ್. ಸ್ತನದ ಕ್ಯಾನ್ಸರ್‌ನ ಒಬ್ಬ ತಾಯಿ, ಜೊತೆಗೆ ಶುಗರ್. ಮಗ ಫೋನಿನಲ್ಲಿ, "ಅಮ್ಮ ಚೆನ್ನಾಗಿದ್ದಾರೆ ಸಾರ್, ಸುಸ್ತು ಕೀಮೋದ್ದೇ ಅಲ್ವಾ" ಅಂದ. ಕೂತಾಗ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ನೂರಕ್ಕೆ 96. ಫೋನ್ ಇಡಬೇಡ, ಅಮ್ಮನನ್ನು ಮನೆಯೊಳಗೇ ಆರು ನಿಮಿಷ ನಡೆಸಪ್ಪಾ ಅಂದೆ. 91ಕ್ಕೆ ಬಂತು. ಅವತ್ತೇ ಅಡ್ಮಿಟ್, ಆಕ್ಸಿಜನ್, ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ 6 ಮಿಲಿಗ್ರಾಂ. ತಮಾಷೆ ಏನಂದರೆ, ಕೀಮೋ ದಿನ ವಾಂತಿ ಆಗದಿರಲಿ ಅಂತ ನಾವು ವರ್ಷಗಟ್ಟಲೆ ಕೊಡುತ್ತಿದ್ದ ಅಗ್ಗದ ಔಷಧಿಯೇ ಅದು. ಸ್ಟೀರಾಯ್ಡ್‌ನಿಂದ ಶುಗರ್ ಏರಿತು, ಇನ್ಸುಲಿನ್ ಹಾಕಿದೆವು, ಮನೆಗೆ ಹೋದರು.

ಇನ್ನೊಂದು ದಿನಗಳ ಲೆಕ್ಕ. ಕೀಮೋ ಆಗಿ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತಳ ಮುಟ್ಟುತ್ತೆ, ಕೊರೊನಾ ಜೋರಾಗೋದೂ ಸಾಮಾನ್ಯವಾಗಿ ಲಕ್ಷಣ ಶುರುವಾದ ಎರಡನೇ ವಾರದಲ್ಲೇ. ಎರಡೂ ಒಟ್ಟಿಗೆ ಬೀಳುವವರ ಹೆಸರಿಗೆ ಕೆಂಪು ಗೆರೆ ಎಳೆದು ದಿನಾ ಫೋನ್ ಮಾಡಿಸುತ್ತಿದ್ದೆ. ಕೌಂಟ್ಸ್ ಬಿದ್ದಾಗ ಜ್ವರ ಬಂದರೆ ಅದು ಪ್ರಾಣಕ್ಕೇ ಕುತ್ತು ತರುವ ಬ್ಯಾಕ್ಟೀರಿಯಾ ಸೋಂಕಿರಬಹುದು, ಹಾಗಾಗಿ ಕೊರೊನಾ ಸ್ವಾಬ್ ರಿಪೋರ್ಟ್‌ಗೆ ಕಾಯದೆ ಮೊದಲು ಆಂಟಿಬಯಾಟಿಕ್. ಆ ಗಲಾಟೆಯಲ್ಲಿ ಎಲ್ಲ ಜ್ವರಕ್ಕೂ ಕೊರೊನಾ ಅಂತ ಹೆಸರಿಟ್ಟು ಎಷ್ಟೋ ಕಡೆ ಇದನ್ನು ಮರೆತರು, ಅದು ಈಗಲೂ ನನಗೆ ಸಿಟ್ಟು.

ರಿಟುಕ್ಸಿಮ್ಯಾಬ್ ತಗೊಂಡ ಲಿಂಫೋಮಾದವರದ್ದು ಬೇರೆಯೇ ಕಥೆ. ಆ್ಯಂಟಿಬಾಡಿ ಮಾಡುವ ಬಿ ಜೀವಕೋಶಗಳನ್ನೇ ಆ ಔಷಧಿ ಅಳಿಸುತ್ತೆ. ಜ್ವರ ಹೋಗೋದು ಬರೋದು, ವಾರಗಟ್ಟಲೆ ಪಾಸಿಟಿವ್. 2021ರ ಮಾರ್ಚ್‌ನಲ್ಲಿ 45 ದಾಟಿದ, ಚಿಕಿತ್ಸೆಯಲ್ಲಿದ್ದ ಕ್ಯಾನ್ಸರ್ ರೋಗಿಗಳಿಗೂ ಲಸಿಕೆ ಸಿಗುವಂತಾದಾಗ, ಇವರಿಗೆ ಲಸಿಕೆ ಅಷ್ಟಾಗಿ ಹತ್ತೋದಿಲ್ಲ ಅಂತ ಗೊತ್ತಿದ್ದೇ ಹಾಕಿಸಿದೆ. ಜೊತೆಗೆ ಮನೆಮಂದಿಗೆಲ್ಲ ಸರದಿ ಬಂದ ಹಾಗೆ ಹಾಕಿಸಲೇಬೇಕು ಅಂತ ಹಟ ಹಿಡಿದೆ.